ಎರಡು ಬಿಟ್ಟು ಒಂದು

ಕುದುರೆಮುಖ
9 ಏಪ್ರಿಲ್ 2006

ಪ್ರೀತಿಯ ಕೃತಿಕಾ,

ಈ ಕಾಗದ ನಿನ್ನ ಕೈ ಸೇರುವ ಮೊದಲೇ ಪಿಯಾನೋ ಬಣಕಲ್‌ನ ನಿಮ್ಮ ಅಂಗಳದಲ್ಲಿ ಇಳಿದಿರುತ್ತದೆ. ನಾಗೇಶನ ಲಾರಿಯಲ್ಲಿ, ನಾಲ್ಕು ಹಾಸಿಗೆಗಳ ನಡುವೆ ನಿಲ್ಲಿಸಿ ಕಳುಹಿಸಿದ್ದೇನೆ. ಗಣಿ ನಿಂತು ಮೂರು ತಿಂಗಳಾಯಿತು. ನಮ್ಮ ಸಾಲಿನಲ್ಲಿ ಸಂಜೆ ದೀಪ ಕಾಣುವ ಮನೆಗಳು ಎರಡೇ ಉಳಿದಿವೆ. ಶಾಲೆಯಲ್ಲಿ ನಾನು ನಿಮಗೆಲ್ಲ ಸಂಗೀತ ಕಲಿಸುತ್ತಿದ್ದ ಕೋಣೆಗೆ ಬೀಗ ಬಿದ್ದಿದೆ. ಬರುವ ವಾರ ನಾನು ಮೈಸೂರಿಗೆ, ತಮ್ಮನ ಮನೆಗೆ ಹೊರಡುತ್ತೇನೆ. ಅಲ್ಲಿ ಪಿಯಾನೋ ಇಡಲು ಸ್ಥಳವಿಲ್ಲ. ಇದ್ದಿದ್ದರೂ ನಿನಗೇ ಕೊಡುತ್ತಿದ್ದೆ.

ನಮ್ಮ ಯಜಮಾನರು ಮುಂಬಯಿಯ ಹೋಟೆಲ್ ಬ್ಯಾಂಡ್ ಬಿಟ್ಟು ಇಲ್ಲಿನ ಕಚೇರಿಗೆ ಸೇರಿದಾಗ ಜೊತೆಯಲ್ಲಿ ತಂದದ್ದು ಅದೊಂದೇ. ಅವರು ತೀರಿಕೊಂಡು ಎಂಟು ವರ್ಷ. ಅತ್ತೆಯ ಮನೆಯಲ್ಲಿದ್ದು ಓದಲು ಬಂದ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಒಂದು ದಿನ ಅದರ ಮುಚ್ಚಳ ತೆರೆದು, "ಟೀಚರ್, ಇದು ಯಾಕೆ ಸುಮ್ಮನಿದೆ?" ಎಂದು ಕೇಳದಿದ್ದರೆ ಅದು ಇಂದಿಗೂ ಸುಮ್ಮನೇ ಇರುತ್ತಿತ್ತು.

ಈಗ ಪಾಠ. ಇದುವರೆಗೆ ನೀನು ನುಡಿಸಿದ ಸ್ವರಗುಚ್ಛಗಳಲ್ಲಿ ಒಂದು ಬಿಳಿ ಕೀ ಒತ್ತಿ, ಒಂದನ್ನು ಬಿಟ್ಟು, ಮತ್ತೊಂದನ್ನು ಒತ್ತುತ್ತಿದ್ದೆ. ಅಂಥ ಗುಚ್ಛ ತಾನು ಸಂತೋಷವೋ ದುಃಖವೋ ಎಂಬುದನ್ನು ಕೇಳಿದ ಕೂಡಲೇ ಹೇಳಿಬಿಡುತ್ತದೆ. ಇನ್ನು ಮೇಲೆ ಎರಡು ಬಿಟ್ಟು ಒಂದನ್ನು ಒತ್ತು. ಇ, ಎ, ಡಿ, ಜಿ ಕೀಗಳು: ಪ್ರತಿ ಹೆಜ್ಜೆಯೂ ಷಡ್ಜದಿಂದ ಮಧ್ಯಮಕ್ಕೆ ಇಡುವ ಹೆಜ್ಜೆ. ಎಡಗೈಗೆ ಕೆಳಗಿನ ಎರಡು, ಬಲಗೈಗೆ ಮೇಲಿನ ಎರಡು. ನಾಲ್ಕೂ ಒಟ್ಟಿಗೆ ನುಡಿದಾಗ ಅದು ಏನನ್ನೂ ಹೇಳಿ ಮುಗಿಸುವುದಿಲ್ಲ. ಜಾಝ್ ನುಡಿಸುವವರು ಆ ಮುಗಿಯದಿರುವಿಕೆಯ ಮೇಲೆಯೇ ನಡೆಯುತ್ತಾರೆ.

ಯಜಮಾನರ ಹಳೆಯ ಸಂಗಡಿಗರೊಬ್ಬರು ಚೆನ್ನೈನ ಸಂಗೀತಶಾಲೆಯಲ್ಲಿ ಪಿಯಾನೋ ಕಲಿಸುತ್ತಾರೆ. ಯಜಮಾನರು ಕಟ್ಟಿದ ಆ ಚಿಕ್ಕ ಧಾಟಿಯನ್ನು ನೀನು ಇಂಥ ಗುಚ್ಛಗಳಲ್ಲಿ ನುಡಿಸಿದ ಕ್ಯಾಸೆಟ್ಟೊಂದು ಬರುವ ವರ್ಷ ಮಾರ್ಚ್ 31ರೊಳಗೆ ಅವರಿಗೆ ತಲುಪಬೇಕು. ಮೊದಲು ನನಗೆ ಕಳುಹಿಸು. ನಾನು ಕೇಳಿ ಮುಂದಕ್ಕೆ ಕಳುಹಿಸುತ್ತೇನೆ. ಪಿ.ಯು.ಸಿ. ಮುಗಿಸಿ ನೀನು ಅಲ್ಲಿ ಕಲಿಯಬೇಕೆಂಬುದು ನನ್ನ ಆಸೆ.

ಮರೆಯಬೇಡ: ಮಳೆಗಾಲದಲ್ಲಿ ಪಿಯಾನೋದ ಒಳಗೆ, ತಳದಲ್ಲಿ, ನಲವತ್ತು ವಾಟಿನ ಬಲ್ಬ್ ಸದಾ ಉರಿಯುತ್ತಿರಬೇಕು.

ಆಶೀರ್ವಾದಗಳೊಂದಿಗೆ,
ಗಿರಿಜಾಂಬಾ


ಬಣಕಲ್
30 ಏಪ್ರಿಲ್ 2006

ಪೂಜ್ಯ ಟೀಚರ್ ಅವರಿಗೆ, ಕೃತಿಕಾಳ ನಮಸ್ಕಾರಗಳು.

ಪಿಯಾನೋ ಸುಖವಾಗಿ ತಲುಪಿತು. ಆರು ಜನ ಹೊತ್ತರು. ತೋಟದ ಕೆಲಸದ ತುಂಗಮ್ಮ ಮುಚ್ಚಳ ಎತ್ತಿ ನೋಡಿ, "ಏನ್ ಮಾರಾಯ್ರೆ ಇದು, ಇಷ್ಟು ದೊಡ್ಡ ಕಪಾಟು, ಒಂದು ಸೀರೆ ಇಡೋಕೆ ಜಾಗ ಇಲ್ವಲ್ಲ!" ಎಂದಳು. ಅಪ್ಪ, "ಸುಮ್ನಿರು ತುಂಗಮ್ಮ, ಅದು ಟೀಚರ್ ಯಜಮಾನ್ರ ಜೀವ. ಕಾಲು ತಾಗಿಸ್ಬೇಡ" ಎಂದು ಗದರಿದರು. ಮೆಣಸಿನ ಮೂಟೆಗಳನ್ನು ಜಗಲಿಗೆ ಹಾಕಿಸಿ, ಆ ಕೋಣೆಯನ್ನು ಅದಕ್ಕೆ ಬಿಟ್ಟುಕೊಟ್ಟಿದ್ದಾರೆ. ದಿನವೂ ಬೆಳಗ್ಗೆ ತೋಟಕ್ಕೆ ಹೋಗುವ ಮುಂಚೆ ಅದನ್ನು ಒರೆಸುತ್ತಾರೆ. ಅಮ್ಮನಿಗೆ ನಗು: "ನನ್ನ ಮುಖ ಒಂದು ದಿನ ಇಷ್ಟು ಹೊತ್ತು ನೋಡಿದ್ರಾ?"

ಎರಡು ಬಿಟ್ಟು ಒಂದು ಒತ್ತಿದೆ. ಮೊದಲು ನಾನೇ ತಪ್ಪಿದೆನೆಂದುಕೊಂಡೆ. ಅಪ್ಪ ಜಗಲಿಯಿಂದ, "ಯಾಕೆ ಮಗಾ, ಹಾಡು ಮುಗೀಲೇ ಇಲ್ಲ? ಯಾರೋ ಬರ್ತಾರೆ ಅಂತ ಬಾಗಿಲು ತೆಗೆದಿಟ್ಟು ಕೂತ ಹಾಗಿದೆ" ಎಂದರು. ಅದು ಸರಿಯೇ, ತಪ್ಪೇ, ತಿಳಿಸಿ.

ಚೆನ್ನೈ ಮಾತಿಗೆ ಅಪ್ಪ ಹೇಳಿದ್ದು ಇಷ್ಟೇ: "ಟೀಚರ್ ಹೇಳಿದ್ರೆ ಆಯ್ತು."

ನಿಮ್ಮ ವಿದ್ಯಾರ್ಥಿನಿ,
ಕೃತಿಕಾ


ಮೈಸೂರು
12 ಆಗಸ್ಟ್ 2006

ಪ್ರೀತಿಯ ಕೃತಿಕಾ,

ನಿನ್ನ ಎರಡು ಕಾಗದಗಳೂ ತಲುಪಿವೆ. ನಿನ್ನ ತಂದೆಯವರ ಮಾತನ್ನು ನಾನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇನೆ. ಇಪ್ಪತ್ತೆರಡು ವರ್ಷ ಪಾಠ ಹೇಳಿದ ನನಗೆ ಆ ಸ್ವರಗುಚ್ಛವನ್ನು ಅಷ್ಟು ಚೆನ್ನಾಗಿ ವಿವರಿಸಲು ಬಂದಿರಲಿಲ್ಲ. ಅವರ ಕಿವಿ ದೊಡ್ಡದು.

ಕರೆಂಟು ಹೋಗಿ ಹದಿನೇಳು ದಿನವಾಯಿತು, ಬಲ್ಬ್ ಉರಿಯುತ್ತಿಲ್ಲ, ಕೀಗಳು ಒತ್ತಿದಲ್ಲೇ ಕೂರುತ್ತಿವೆ, ಮುಚ್ಚಳ ತೆರೆದರೆ ಬೂಷ್ಟಿನ ವಾಸನೆ ಎಂದು ಬರೆದಿದ್ದೀಯೆ. ಗಾಬರಿಯಾಗಬೇಡ. ತೇವವೇ ಅದರ ಶತ್ರು. ಮಳೆ ಬಿಟ್ಟ ಕೂಡಲೇ ಅದನ್ನು ಪೂರ್ತಿಯಾಗಿ ಆರಿಸಿಬಿಡಬೇಕು, ಒಳಗೆ ಒಂದಿಷ್ಟೂ ಹಸಿ ಉಳಿಯಬಾರದು. ಈ ಸಾಲನ್ನು ನಿನ್ನ ತಂದೆಯವರಿಗೆ ಓದಿ ಹೇಳು. ಒಣಗಿಸುವ ವಿದ್ಯೆಯಲ್ಲಿ ಕಾಫಿ ಬೆಳೆಯುವವರಿಗೆ ನಾನು ಕಲಿಸುವುದೇನಿದೆ!

ಈಗ ಐದನೆಯ ಸ್ವರ. ನಾಲ್ಕರ ಮೇಲೆ ಇನ್ನೊಂದನ್ನು ಇಡು. ಆದರೆ ಈ ಬಾರಿ ಎರಡು ಬಿಡಬೇಡ, ಒಂದನ್ನೇ ಬಿಟ್ಟು 'ಬಿ' ಒತ್ತು. ಅದನ್ನು ಬಲಗೈಯ ಕಿರುಬೆರಳಿಗೆ ಕೊಡು. ಕೆಳಗಿನ ನಾಲ್ಕು ದೂರದೂರ ನಿಂತ ಜನರಂತಿದ್ದರೆ, ಈ ಐದನೆಯದು ಒಂದು ಹೆಜ್ಜೆ ಹತ್ತಿರ ಬಂದು ನಿಂತವನಂತೆ. ಯಜಮಾನರು ಇದನ್ನು ನುಡಿಸಿ ಪ್ರತಿ ಸಲವೂ ನನ್ನ ಕಡೆ ತಿರುಗಿ ನೋಡುತ್ತಿದ್ದರು.

ನಿನ್ನ ತಂದೆ ಪುಟ್ಟಸ್ವಾಮಿಯವರಿಗೂ ತಾಯಿಯವರಿಗೂ ನನ್ನ ನಮಸ್ಕಾರ.

ಗಿರಿಜಾಂಬಾ


ಬಣಕಲ್
2 ಜನವರಿ 2007

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮಿಸಿ. ಕಾಲೇಜಿನ ಎನ್.ಎಸ್.ಎಸ್. ಕ್ಯಾಂಪಿಗೆಂದು ಹತ್ತು ದಿನ ದೇವರಮನೆ ಗುಡ್ಡದ ಹಳ್ಳಿಯಲ್ಲಿದ್ದೆ. ಆಮೇಲೆ ಕಾಫಿಹಣ್ಣಿನ ಕೊಯ್ಲು ಶುರುವಾಯಿತು.

ಪಿಯಾನೋ ಈಗ ಒಣಗಿದೆ. ಅಪ್ಪನೇ ಆರಿಸಿದರು. ತುಂಬ ಶ್ರದ್ಧೆಯಿಂದ ಆರಿಸಿದರು.

ಒಂದು ಪ್ರಶ್ನೆ. ಆ ಐದು ಸ್ವರಗಳಲ್ಲಿ ಮೇಲಿನ ಮೂರನ್ನು ಮಾತ್ರ ನುಡಿಸಿದರೆ ಸಾಲುವುದಿಲ್ಲವೇ? ನಿಮ್ಮ ಯಜಮಾನರು ಎಂದಾದರೂ ಬಲಗೈಯೊಂದರಲ್ಲೇ ನುಡಿಸಿದ್ದುಂಟೇ? ಚೆನ್ನೈಯವರು ಅದನ್ನು ಒಪ್ಪುತ್ತಾರೆಯೇ?

ಕೃತಿಕಾ


ಮೈಸೂರು
15 ಜನವರಿ 2007

ಪ್ರೀತಿಯ ಕೃತಿಕಾ,

ಪಿಯಾನೋ ಆರಿತೆಂದು ತಿಳಿದು ಎದೆಯ ಭಾರ ಇಳಿಯಿತು. ನಿನ್ನ ತಂದೆಯವರಿಗೆ ನಾನು ಋಣಿ.

ನಿನ್ನ ಪ್ರಶ್ನೆಗೆ ಉತ್ತರ: ಸಾಲುವುದಿಲ್ಲ. ಕೆಳಗಿನ ಎರಡನ್ನು ತೆಗೆದರೆ ಉಳಿಯುವುದು ಯಾವ ಹಾರ್ಮೋನಿಯಂ ಮೇಲಾದರೂ ಸಿಗುವ ಸಾದಾ ಗುಚ್ಛ. ಎಡಗೈಯ ಆ ಎರಡು ಹೆಜ್ಜೆಗಳಿಂದಲೇ ಮೇಲಿನ ಮೂರಕ್ಕೆ ಅರ್ಥ ಬರುವುದು. ಈ ಹಂತದಲ್ಲಿ ಕೈ ಸೋಲುತ್ತದೆ, ಸುಲಭದ ದಾರಿ ಕಣ್ಣಿಗೆ ಬೀಳುತ್ತದೆ. ನಾನೂ ಆ ವಯಸ್ಸು ದಾಟಿ ಬಂದವಳೇ. ಪರೀಕ್ಷೆಯ ಓದು, ಕೊಯ್ಲಿನ ಗದ್ದಲ ಎಲ್ಲ ಇರುತ್ತದೆ. ಆದರೂ ಐದನ್ನೂ ಒತ್ತು. ಫೆಬ್ರವರಿಯೊಳಗೆ ಕ್ಯಾಸೆಟ್ ಕಳುಹಿಸು.

ನೀನು ಮಾಡಬಲ್ಲೆ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ಗಿರಿಜಾಂಬಾ


ಬಣಕಲ್
18 ಫೆಬ್ರವರಿ 2007

ಪೂಜ್ಯ ಟೀಚರ್ ಅವರಿಗೆ ನಮಸ್ಕಾರಗಳು.

ಕ್ಯಾಸೆಟ್ ಇದರ ಜೊತೆಗಿದೆ. ಅತ್ತೆಯ ಟೇಪ್ ರೆಕಾರ್ಡರ್ ತರಿಸಿ, ಕೋಣೆಯ ಬಾಗಿಲು ಹಾಕಿ ನುಡಿಸಿದೆ. ಅಪ್ಪ ಪಕ್ಕದಲ್ಲೇ ನಿಂತಿದ್ದರು, ಕೆಮ್ಮು ಬಂದರೂ ಟವೆಲ್ ಬಾಯಿಗೆ ಒತ್ತಿ ಹಿಡಿದರು.

ನೀವು ಹೇಳಿದಂತೆ ಐದನ್ನೂ ಒತ್ತಿದ್ದೇನೆ. ಒಂದು ಸಲವೂ ಒಂದನ್ನೂ ಬಿಟ್ಟಿಲ್ಲ. ಹೇಗೆ ಕೇಳಿಸಿದರೂ ದಯವಿಟ್ಟು ಇದನ್ನೇ ಕಳುಹಿಸಿ. ಮತ್ತೊಮ್ಮೆ ನುಡಿಸು ಎನ್ನಬೇಡಿ ಟೀಚರ್.

ಕೃತಿಕಾ


ಮೈಸೂರು
26 ಫೆಬ್ರವರಿ 2007

ಕೃತಿಕಾ,

ಕ್ಯಾಸೆಟ್ಟನ್ನು ಎರಡು ಸಲ ಕೇಳಿದೆ. ಮೂರನೆಯ ಸಲ ಕೇಳಲು ಮನಸ್ಸಾಗಲಿಲ್ಲ.

ಐದನ್ನೂ ಒತ್ತಿದ್ದೇನೆ ಎಂದು ನೀನು ಬರೆದಿದ್ದೀಯೆ. ನನಗೆ ಕೇಳಿಸಿದ್ದು ಮೂರು. ಮೊದಲಿನಿಂದ ಕೊನೆಯವರೆಗೆ ಮೂರೇ. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆಯೇನು? ಅದೂ ಸಾಲದೆಂಬಂತೆ ಕಾಲಿನಿಂದ ನೆಲಕ್ಕೆ ಟಕ್ ಟಕ್ ಎಂದು ಬಡಿಯುತ್ತಿದ್ದೀಯೆ. ಆ ಕೆಟ್ಟ ಅಭ್ಯಾಸವನ್ನು ನಾನು ನಿನಗೆ ಕಲಿಸಿರಲಿಲ್ಲ.

ಕೈ ಸೋತಿತೆಂದು ಬರೆದಿದ್ದರೆ ನಾನು ಕಾಯುತ್ತಿದ್ದೆ. ಆಗಲಿಲ್ಲವೆಂದಿದ್ದರೆ ಬೇರೆ ದಾರಿ ತೋರಿಸುತ್ತಿದ್ದೆ. ನನ್ನ ಮಕ್ಕಳು ತಪ್ಪು ನುಡಿಸಿದ್ದಾರೆ, ಸುಳ್ಳು ಹೇಳಿದವರಿಲ್ಲ. ಇದನ್ನು ನಾನು ಚೆನ್ನೈಗೆ ಕಳುಹಿಸಲಾರೆ. ಇನ್ನೂ ಒಂದು ತಿಂಗಳಿದೆ. ಪ್ರಾಮಾಣಿಕವಾಗಿ ಮತ್ತೊಮ್ಮೆ ನುಡಿಸಿ ಕಳುಹಿಸು.

ಗಿರಿಜಾಂಬಾ


ಮೈಸೂರು
20 ಏಪ್ರಿಲ್ 2007

ಕೃತಿಕಾ,

ಮಾರ್ಚ್ ಮುಗಿಯಿತು. ನಿನ್ನ ಕಾಗದವಿಲ್ಲ, ಕ್ಯಾಸೆಟ್ಟೂ ಇಲ್ಲ. ದಿನವೂ ಹನ್ನೊಂದು ಗಂಟೆಗೆ ಅಂಚೆಯವನಿಗಾಗಿ ಗೇಟಿನ ಬಳಿ ನಿಲ್ಲುವುದನ್ನು ನಿನ್ನೆಯಿಂದ ಬಿಟ್ಟಿದ್ದೇನೆ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಚೆನ್ನೈಯವರು ನನ್ನ ಮಾತಿನ ಮೇಲೆ ಹೋದ ವರ್ಷವೇ ನಿನಗಾಗಿ ಒಂದು ಸ್ಥಾನ ಇರಿಸಿದ್ದರು. ಕ್ಯಾಸೆಟ್ ಹೆಸರಿಗೆ ಮಾತ್ರ, ಅದು ಹೇಗಿದ್ದರೂ ಅವರು ನಿನ್ನನ್ನು ಸೇರಿಸಿಕೊಳ್ಳುತ್ತಿದ್ದರು. ಹೇಳಿದರೆ ಎಲ್ಲಿ ಅಭ್ಯಾಸದಲ್ಲಿ ಸಡಿಲವಾಗುತ್ತೀಯೋ ಎಂದು ಹೇಳಲಿಲ್ಲ. ಅವರು ಎರಡು ವಾರ ಹೆಚ್ಚಾಗಿಯೇ ಕಾದರು. ಮೊನ್ನೆ ಆ ಸ್ಥಾನ ಬೇರೊಬ್ಬರಿಗೆ ಹೋಯಿತು.

ನಿನ್ನ ಹಳೆಯ ಕ್ಯಾಸೆಟ್ ನನ್ನ ಮೇಜಿನ ಮೇಲೇ ಇದೆ. ನನಗೆ ಕೋಪವಿಲ್ಲ. ನೀನು ಆರೋಗ್ಯವಾಗಿದ್ದೀಯೆ ಎಂದು ಒಂದು ಸಾಲು ಬರೆ, ಸಾಕು.

ಗಿರಿಜಾಂಬಾ


ಬಣಕಲ್
8 ಜುಲೈ 2007

ಗಿರಿಜಾಂಬಾ ಟೀಚರ್ ಅವರಿಗೆ ಪುಟ್ಟಸ್ವಾಮಿ ಮಾಡುವ ನಮಸ್ಕಾರಗಳು.

ನನಗೆ ಕಾಗದ ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ಮನ್ನಿಸಬೇಕು. ಮಗಳು ಡಿ.ಎಡ್. ಓದೋಕೆ ಚಿಕ್ಕಮಗಳೂರು ಹಾಸ್ಟೆಲ್ ಸೇರಿ ಹದಿನೈದು ದಿನ ಆಯ್ತು. ಮೊನ್ನೆ ಪಿಯಾನೋ ಒರೆಸೋವಾಗ ಮುಚ್ಚಳದೊಳಗೆ ನಿಮ್ಮ ಕಾಗದಗಳು ಸಿಕ್ವು. ಕೊನೇವು ಎರಡು ಅವಳು ನನಗೆ ಓದಿ ಹೇಳಿರ್ಲಿಲ್ಲ. ಅವಳು ಸುಳ್ಳು ಹೇಳೋಳಲ್ಲ ಟೀಚರ್. ತಪ್ಪು ನಂದು.

ಪೂರ್ತಿ ಆರಿಸಬೇಕು, ಒಳಗೆ ಹಸಿ ಉಳೀಬಾರದು ಅಂತ ನೀವು ಬರೆದಿದ್ರಿ. ನವೆಂಬರ್ ಕೊನೇಲಿ ಒಳ್ಳೆ ಬಿಸಿಲು ಬಿತ್ತು. ಮಗಳು ದೇವರಮನೆ ಕ್ಯಾಂಪಿಗೆ ಹೋಗಿದ್ಳು. ಬರೋದ್ರೊಳಗೆ ಸರಿಮಾಡಿ ಇಡೋಣ ಅಂತ ಆರು ಜನ ಹೊತ್ತು ಕಾಫಿ ಒಣಗಿಸೋ ಕಣದಲ್ಲಿ ಇಟ್ವಿ. ಹತ್ತು ದಿನ ಇಟ್ವಿ. ಕಾಫಿ ಮಗುಚಿದ ಹಾಗೆ ದಿನಕ್ಕೆ ಎರಡು ಸಲ ಅದರ ಮುಖ ತಿರುಗಿಸ್ತಿದ್ದೆ. ಸಂಜೆ ಮಂಜು ಇಳಿಯೋ ಮುಂಚೆ ಟಾರ್ಪಾಲು ಹೊದಿಸ್ತಿದ್ದೆ. ಒಣಗಿದ ಕಾಫಿಹಣ್ಣು ಕಿವಿ ಹತ್ರ ಅಲ್ಲಾಡಿಸಿದ್ರೆ ಒಳಗೆ ಗಲಗಲ ಅನ್ನುತ್ತೆ, ಆಗ ಹದ ಬಂತು ಅಂತ ನಮ್ಮ ಲೆಕ್ಕ. ಎಂಟನೇ ದಿನ ಇದನ್ನ ತಿರುಗಿಸೋವಾಗ ಒಳಗೆ ಗಲಗಲ ಅಂತು. ನನಗೆ ಬಹಳ ಖುಷಿಯಾಯ್ತು ಟೀಚರ್. ಇನ್ನೆರಡು ದಿನ ಇರ್ಲಿ ಅಂತ ಬಿಟ್ಟೆ.

ಮಗಳು ಬಂದು ಒತ್ತಿ ನೋಡಿದ್ಳು. ಸ್ವಲ್ಪ ಹೊತ್ತು ನನ್ನ ಕಡೆ ತಿರುಗ್ಲಿಲ್ಲ. ಆಮೇಲೆ "ಚೆನ್ನಾಗಿ ಒಣಗಿದೆ ಅಪ್ಪ" ಅಂದ್ಳು. ಎಡಗಡೆ ಸ್ವರ ಬರಲ್ವಲ್ಲ ಮಗಾ ಅಂದ್ರೆ, "ಜಾಝ್ ಅಂದ್ರೆ ಹಾಗೇ ಅಪ್ಪ, ಬಿಟ್ಟು ಬಿಟ್ಟು ನುಡಿಸೋದು" ಅಂದ್ಳು. ನಾನು ನಂಬಿದೆ.

ನಿಮ್ಮ ಕಾಗದ ಓದಿದ ಮೇಲೆ ಮೂಡಿಗೆರೆಯಿಂದ ಹಾರ್ಮೋನಿಯಂ ರಿಪೇರಿಯವರನ್ನ ಕರೆಸಿ ಬಿಚ್ಚಿಸ್ದೆ. ತಂತಿಗೆ ಹೊಡೆಯೋ ಸುತ್ತಿಗೆಗಳು ಅಂಟು ಬಿಟ್ಟು ತಳದಲ್ಲಿ ಉದುರಿ ಬಿದ್ದಿದ್ವು. ಹಿಂದಿನ ಹಲಗೆ ಉದ್ದಕ್ಕೂ ಸೀಳಿದೆ. "ಇದು ಇನ್ನು ಆಗೋದಿಲ್ಲ ಗೌಡ್ರೆ" ಅಂದ್ರು.

ನಿಮ್ಮ ಯಜಮಾನ್ರ ವಸ್ತು. ನನ್ನ ಎಷ್ಟು ಬೈದ್ರೂ ಸರಿ. ನಾನೇ ಚೆನ್ನೈಗೆ ಹೋಗಿ ಆ ಮೇಷ್ಟ್ರ ಹತ್ರ ಕೈಮುಗಿದು ಹೇಳಿದ್ರೆ ಏನಾದ್ರೂ ಆಗುತ್ತಾ? ಅಡ್ರೆಸ್ ಕೊಡಿ.

ಇಂತಿ,
ಪುಟ್ಟಸ್ವಾಮಿ


ಮೈಸೂರು
15 ಜುಲೈ 2007

ನನ್ನ ಪ್ರೀತಿಯ ಕೃತಿಕಾ,

ನಿನ್ನ ತಂದೆಯವರ ಕಾಗದ ಬಂತು. ಅವರಿಗೆ ಬೇರೆಯಾಗಿ ಬರೆದಿದ್ದೇನೆ. ಆರಿಸಿ ಎಂದು ಬರೆದವಳು ನಾನು, ಹೇಗೆ ಎಂದು ಬರೆಯದೆ ಬಿಟ್ಟವಳೂ ನಾನೇ. ಬಲ್ಬಿನ ಮಾತು ಏಪ್ರಿಲ್‌ನಲ್ಲೇ ಹೇಳಿಯಾಗಿದೆ ಎಂದುಕೊಂಡೆ. ಆಗಸ್ಟ್‌ನ ಕಾಗದದಲ್ಲಿ ಇನ್ನೊಂದು ಸಾಲು ಬರೆದಿದ್ದರೆ, ಕಾಫಿಯವರಿಗೆ ನಾನು ಕಲಿಸುವುದೇನಿದೆ ಎಂಬ ಜಾಣತನದ ಮಾತನ್ನು ಬರೆಯದಿದ್ದರೆ, ಅವರು ಅದನ್ನು ಕಣಕ್ಕೆ ಹೊರುತ್ತಿರಲಿಲ್ಲ.

ಆಮೇಲೆ ನಿನ್ನ ಕ್ಯಾಸೆಟ್ಟನ್ನು ಮತ್ತೆ ಹಾಕಿದೆ. ತಮ್ಮನ ಮಕ್ಕಳನ್ನು ಹೊರಗೆ ಕಳುಹಿಸಿ, ಕಿಟಕಿ ಮುಚ್ಚಿ, ಯಂತ್ರಕ್ಕೆ ಕಿವಿ ತಾಗಿಸಿ ಕುಳಿತೆ. ನಿನ್ನ ಕಾಲಿನದೆಂದು ನಾನು ಬೈದಿದ್ದ ಆ ಟಕ್ ಎಂಬ ಸದ್ದು ತಾಳಕ್ಕೆ ಬೀಳುತ್ತಿಲ್ಲ, ಕೃತಿಕಾ. ಪ್ರತಿ ಗುಚ್ಛದ ಜೊತೆಗೇ ಬೀಳುತ್ತದೆ. ಧಾಟಿ ನಿಧಾನವಾಗುವ ಕಡೆ ಅದೂ ನಿಧಾನ. ನೀನು ಮೆಲ್ಲನೆ ಒತ್ತಿದಲ್ಲಿ ಅದೂ ಮೆಲ್ಲಗೆ. ಮುಕ್ತಾಯದಲ್ಲಿ ನೀನು ಸ್ವರಗಳನ್ನು ಒಂದೊಂದಾಗಿ ಬಿಡಿಸಿ ನುಡಿಸಿದ್ದೀಯೆ. ಅಲ್ಲಿ ಎಣಿಸಿದೆ. ಮೊದಲು ಮರದ ಸದ್ದು. ಮತ್ತೊಂದು ಮರದ ಸದ್ದು. ಆಮೇಲೆ ಡಿ, ಜಿ, ಬಿ.

ಐದು. ಒಂದನ್ನೂ ನೀನು ಬಿಟ್ಟಿಲ್ಲ. ಸದ್ದೇ ಬಾರದ ಎರಡು ಕೀಗಳನ್ನು, ಬಾರದೆಂದು ಗೊತ್ತಿದ್ದೂ, ಇಡೀ ಧಾಟಿಯ ಉದ್ದಕ್ಕೂ ಅಷ್ಟೇ ಹದವಾಗಿ ಒತ್ತಿದ್ದೀಯೆ. ಅಂಥ ಕೈಯವಳನ್ನು ಸುಳ್ಳುಗಾರ್ತಿ ಎಂದೆ. ಒಂದು ತಿಂಗಳ ಅವಧಿ ಇದ್ದಾಗ ಮೂರನೆಯ ಸಲ ಕೇಳಿದ್ದರೆ ಸಾಕಿತ್ತು.

ಕ್ಯಾಸೆಟ್ಟನ್ನು ಇವತ್ತೇ ಚೆನ್ನೈಗೆ ಕಳುಹಿಸಿದ್ದೇನೆ, ಎಲ್ಲವನ್ನೂ ಬರೆದು. ಬರುವ ವರ್ಷ ಮತ್ತೆ ಪ್ರವೇಶವಿದೆ. ಅಲ್ಲಿ ಒಳ್ಳೆಯ ಪಿಯಾನೋಗಳಿವೆ. ನಿನಗಿನ್ನೂ ಹದಿನೆಂಟು. ನನ್ನ ಮೇಲಿನ ಬೇಸರಕ್ಕಾಗಿ ಅದನ್ನು ಬಿಡಬೇಡ.

ಗಿರಿಜಾಂಬಾ


ಚಿಕ್ಕಮಗಳೂರು
6 ಆಗಸ್ಟ್ 2007

ಪೂಜ್ಯ ಟೀಚರ್ ಅವರಿಗೆ ಕೃತಿಕಾಳ ನಮಸ್ಕಾರಗಳು.

ನಿಮ್ಮ ಮೇಲೆ ನನಗೆ ಬೇಸರವಿಲ್ಲ. ಕ್ಯಾಸೆಟ್ ಕಳುಹಿಸುವಾಗ ನಿಮಗೆ ಗೊತ್ತಾಗಬಾರದೆಂದೂ ಬೇಡಿಕೊಂಡಿದ್ದೆ, ಗೊತ್ತಾಗಲಿ ಎಂದೂ ಬೇಡಿಕೊಂಡಿದ್ದೆ. ನಿಜ ಬರೆದಿದ್ದರೆ ಯಜಮಾನರ ಪಿಯಾನೋ ಹೋಯಿತೆಂದು ನಿಮಗೆ ತಿಳಿಯುತ್ತಿತ್ತು. ಮತ್ತೊಮ್ಮೆ ನುಡಿಸಲು ಕುಳಿತರೆ ಅಪ್ಪನಿಗೆ ತಿಳಿಯುತ್ತಿತ್ತು. ಆದ್ದರಿಂದ ಸುಮ್ಮನಾದೆ.

ಚೆನ್ನೈಗೆ ನಾನು ಹೋಗುವುದಿಲ್ಲ ಟೀಚರ್. ಡಿ.ಎಡ್. ಎರಡು ವರ್ಷ. ಹಾಸ್ಟೆಲ್ಲಿನಲ್ಲಿ ಹಾರ್ಮೋನಿಯಂ ಕೂಡ ಇಲ್ಲ, ಕೈ ಆಗಲೇ ಬಿಗಿದಿದೆ. ಅದಕ್ಕಿಂತ ಹೆಚ್ಚಾಗಿ, ಮನೆಯಲ್ಲಿ ಯಾರಾದರೂ ಚೆನ್ನೈ ಎಂದರೆ ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತುವುದಿಲ್ಲ. ನಾನು ಅಲ್ಲಿ ಕಲಿಯುವಷ್ಟು ವರ್ಷವೂ ಅವರು ಹಾಗೇ ಕೂರುತ್ತಾರೆ.

ಹೋದ ಭಾನುವಾರ ಊರಿಗೆ ಹೋಗಿದ್ದೆ. ಉದುರಿದ ಸುತ್ತಿಗೆಗಳನ್ನು ಅಪ್ಪ ಒಂದೊಂದಾಗಿ ಒರೆಸಿ, ಹೊಸ ಮೊರದಲ್ಲಿ ಸಾಲಾಗಿ ಜೋಡಿಸಿಟ್ಟಿದ್ದಾರೆ. ಪಿಯಾನೋದ ಒಳಗೆ ಬಲ್ಬ್ ಉರಿಯುತ್ತಿತ್ತು. ಮಳೆ ಹಿಡಿದಾಗಿನಿಂದ ಆರಿಸಿಲ್ಲವಂತೆ. ಕರೆಂಟು ಹೋದರೆ ಬ್ಯಾಟರಿಗೆ ಸೇರಿಸಲು ಎರಡನೆಯ ಬಲ್ಬೂ ತಂದಿಟ್ಟಿದ್ದಾರೆ. ಇನ್ನು ಯಾಕೆ ಅಪ್ಪ ಎಂದರೆ, "ಟೀಚರ್ ಮೊದಲ ಕಾಗದದಲ್ಲೇ ಬರೆದಿದ್ರಲ್ಲ ಮಗಾ" ಎಂದರು.

ನಾನು ಕುಳಿತು ಆ ಐದನ್ನೂ ಒತ್ತಿದೆ. ಅಪ್ಪ ಬಾಗಿಲ ಬಳಿ ಟವೆಲ್ ಹಿಡಿದು ನಿಂತಿದ್ದರು.

"ಸ್ವಲ್ಪ ಏನಾದ್ರೂ ಚೇತರಿಸಿದೆಯಾ?"

"ಹೂಂ ಅಪ್ಪ. ಸ್ವಲ್ಪ."

ನಿಮಗೆ ಮಾತ್ರ ನಿಜ ಬರೆಯುತ್ತೇನೆ. ಜಿ ಕೂಡ ಹೋಗಿದೆ. ಇನ್ನು ಎರಡೇ ಉಳಿದಿವೆ.

ನಿಮ್ಮ ವಿದ್ಯಾರ್ಥಿನಿ,
ಕೃತಿಕಾ